ಒಂದು ತಂತಿ ತುಂಡಾದರೆ...

ಗ್ರಾಮ ಪಂಚಾಯಿತಿ ಕಚೇರಿಗೆ ಎಂದಾದರೂ ಹೋಗಿದ್ದೀರಾ? ಪಹಣಿ ಪಡೆಯಲೆಂದು ಬೆಳಿಗ್ಗೆಯೇ ಬಂದ ಅಜ್ಜನೊಬ್ಬ ಬಾಗಿಲ ಬಳಿ ಕುಳಿತಿದ್ದಾನೆ ಎಂದುಕೊಳ್ಳಿ. ಕಂಪ್ಯೂಟರ್ ಇದೆ, ಕರೆಂಟೂ ಇದೆ, ಪ್ರಿಂಟರಿನಲ್ಲಿ ಕಾಗದವೂ ಇದೆ. ಆದರೂ ಒಳಗಿನಿಂದ ಬರುವ ಉತ್ತರ ಒಂದೇ: "ಇವತ್ತು ನೆಟ್ ಇಲ್ಲ ಅಜ್ಜ, ನಾಳೆ ಬನ್ನಿ." ಅಜ್ಜನ ಅಂದಿನ ಕೂಲಿ ಹೋಯಿತು, ಬಸ್ಸಿನ ದುಡ್ಡೂ ಹೋಯಿತು.

ಆಗಿದ್ದೇನು? ಏಳೆಂಟು ಕಿಲೋಮೀಟರ್ ಆಚೆ ರಸ್ತೆ ಅಗಲ ಮಾಡುತ್ತಿದ್ದ ಜೆಸಿಬಿಯ ಹಲ್ಲು ನೆಲದೊಳಗಿನ ಕೇಬಲ್ಲಿಗೆ ತಾಗಿದೆ. ಕೇಬಲ್ ತುಂಡಾದದ್ದು ಒಂದೇ ಕಡೆ, ನೆಟ್ ನಿಂತದ್ದು ಮೂರು ಊರುಗಳಲ್ಲಿ! ಆದರೆ ಅದೇ ತಾಲ್ಲೂಕಿನ ಬೇರೊಂದು ಊರಿನಲ್ಲಿ ಕೆಲಸ ಎಂದಿನಂತೆ ನಡೆದಿದೆ. ಯಾಕೆ ಹೀಗೆ?

ಇದರ ಉತ್ತರ ಕಂಪ್ಯೂಟರಿನ ಒಳಗಿಲ್ಲ. ಕಂಪ್ಯೂಟರುಗಳನ್ನು ಯಾವ ಆಕಾರದಲ್ಲಿ ಜೋಡಿಸಿದ್ದಾರೆ ಎಂಬುದರಲ್ಲಿದೆ. ಬನ್ನಿ, ಆ ಆಕಾರಗಳನ್ನು ನೋಡೋಣ.

ಚುಕ್ಕೆ ಮತ್ತು ಗೆರೆ

ಮಾಹಿತಿ ಹಂಚಿಕೊಳ್ಳಲೆಂದು ಎರಡು ಅಥವಾ ಹೆಚ್ಚು ಕಂಪ್ಯೂಟರುಗಳನ್ನು ಜೋಡಿಸಿದರೆ ಅದು ಕಂಪ್ಯೂಟರ್ ಜಾಲ, ಅಂದರೆ ನೆಟ್‌ವರ್ಕ್. ಜೋಡಿಸುವ ಆಕಾರಕ್ಕೆ ಟೋಪಾಲಜಿ ಎನ್ನುತ್ತಾರೆ. ನಾವು ಜಾಲವಿನ್ಯಾಸ ಎನ್ನೋಣ. ಹೆಸರು ದೊಡ್ಡದು, ಚಿತ್ರ ಸುಲಭ. ಪ್ರತಿ ಕಂಪ್ಯೂಟರಿಗೆ ಒಂದು ಚುಕ್ಕೆ, ಪ್ರತಿ ತಂತಿಗೆ ಒಂದು ಗೆರೆ. ರಂಗೋಲಿ ಹಾಕಲು ಬರುವವರಿಗೆಲ್ಲ ಇದು ಬರುತ್ತದೆ. ಗೆರೆ ಉದ್ದವೋ ಗಿಡ್ಡವೋ, ನೇರವೋ ಸೊಟ್ಟವೋ ಎಂಬುದು ಇಲ್ಲಿ ಮುಖ್ಯವಲ್ಲ. ಯಾವ ಚುಕ್ಕೆಯಿಂದ ಯಾವ ಚುಕ್ಕೆಗೆ ಗೆರೆ ಇದೆ ಎಂಬುದಷ್ಟೇ ಮುಖ್ಯ.

ಇದನ್ನು ಓದುವಾಗ ಜೊತೆಗೆ ಐವರು ಗೆಳೆಯರು, ಒಂದು ಉಂಡೆ ದಾರ, ನಾಲ್ಕೈದು ಮೀಟರ್ ಹಗ್ಗ, ಒಂದು ಕತ್ತರಿ ಇದ್ದರೆ ಚೆನ್ನ. ಗೆಳೆಯರ ಹೆಸರು ಗಂಗಾ, ಸಲೀಂ, ಮಂಜು, ರೇಣುಕಾ, ಡೇವಿಡ್ ಎಂದಿಟ್ಟುಕೊಳ್ಳೋಣ.

ಎಲ್ಲರಿಗೂ ಒಂದೇ ಹಗ್ಗ

ಐವರೂ ಸಾಲಾಗಿ ನಿಂತು ಒಂದೇ ಹಗ್ಗವನ್ನು ಹಿಡಿಯಲಿ. ಗಂಗಾ ಹಗ್ಗವನ್ನು ಅಲ್ಲಾಡಿಸಿದರೆ ಉಳಿದ ನಾಲ್ವರ ಕೈಗೂ ಅದು ತಿಳಿಯುತ್ತದೆ. ಇದೇ ಬಸ್ ವಿನ್ಯಾಸ. ನೀವು ಹತ್ತುವ ಬಸ್ಸಿಗೂ ಇದಕ್ಕೂ ನಂಟು ಇದೆಯೇ ಎಂದು ಕೇಳುತ್ತೀರಾ? ಇದೆ. ಎರಡೂ ಹೆಸರು ಬಂದದ್ದು 'ಎಲ್ಲರಿಗಾಗಿ' ಎಂಬ ಅರ್ಥದ 'ಆಮ್ನಿಬಸ್' ಎಂಬ ಲ್ಯಾಟಿನ್ ಪದದಿಂದ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಪಾಲೊ ಆಲ್ಟೊ ಎಂಬ ಊರಿನಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರವಿತ್ತು. ಅಲ್ಲಿ ಹೊಸದೊಂದು ಲೇಸರ್ ಪ್ರಿಂಟರ್ ತಯಾರಾಗಿತ್ತು. ಹಲವು ಕಂಪ್ಯೂಟರುಗಳು ಆ ಒಂದು ಪ್ರಿಂಟರನ್ನು ಹಂಚಿಕೊಳ್ಳಬೇಕಾಗಿತ್ತು. ಅದಕ್ಕೆ ದಾರಿ ಹುಡುಕುವ ಕೆಲಸ ರಾಬರ್ಟ್ ಮೆಟ್‌ಕಾಫ್ ಎಂಬ ಎಂಜಿನಿಯರರ ಪಾಲಿಗೆ ಬಂತು. 1973ರ ಮೇ 22ರಂದು ಅವರು ತಮ್ಮ ಯೋಚನೆಯನ್ನು ಬರೆದಿಟ್ಟರು. ಒಂದೇ ಉದ್ದನೆಯ ಕೇಬಲ್, ಅದಕ್ಕೆ ಎಲ್ಲ ಕಂಪ್ಯೂಟರುಗಳೂ ಅಂಟಿಕೊಂಡಿರುತ್ತವೆ. ಇದಕ್ಕೆ ಅವರಿಟ್ಟ ಹೆಸರು ಈಥರ್‌ನೆಟ್.

ಹಗ್ಗ ಒಂದೇ ಆದ್ದರಿಂದ ಒಂದು ತೊಂದರೆ ಇದೆ. ಸಲೀಂ ಮತ್ತು ರೇಣುಕಾ ಒಟ್ಟಿಗೇ ಅಲ್ಲಾಡಿಸಿದರೆ? ಯಾರ ಸಂದೇಶವೂ ಯಾರಿಗೂ ತಿಳಿಯದು. ಮೇಷ್ಟ್ರು ಇಲ್ಲದ ತರಗತಿಯ ಹಾಗೆ! ಅದಕ್ಕೇ ಈಥರ್‌ನೆಟ್ಟಿನ ಕಂಪ್ಯೂಟರ್ ಮಾತಾಡುವ ಮೊದಲು ಕೇಳಿಸಿಕೊಳ್ಳುತ್ತದೆ. ಬೇರೆಯವರ ಮಾತು ನಡೆದಿದ್ದರೆ ಸುಮ್ಮನಿರುತ್ತದೆ. ಆದರೂ ಇಬ್ಬರೂ ಒಂದೇ ಕ್ಷಣದಲ್ಲಿ ಬಾಯಿ ತೆರೆದರೆ ಇಬ್ಬರೂ ನಿಲ್ಲಿಸಿ, ಸ್ವಲ್ಪ ಕಾದು ಮತ್ತೆ ಪ್ರಯತ್ನಿಸುತ್ತಾರೆ. ಎಷ್ಟು ಹೊತ್ತು ಕಾಯಬೇಕು? ಇಬ್ಬರೂ ಸರಿಯಾಗಿ ಒಂದೇ ಸಮಯ ಕಾದರೆ ಮತ್ತೆ ಡಿಕ್ಕಿ ಆಗುತ್ತದಲ್ಲವೇ? ಆದ್ದರಿಂದ ಪ್ರತಿ ಕಂಪ್ಯೂಟರೂ ಚೀಟಿ ಎತ್ತಿದ ಹಾಗೆ ತನ್ನದೇ ಒಂದು ಸಂಖ್ಯೆಯನ್ನು ಆರಿಸಿಕೊಂಡು ಅಷ್ಟು ಹೊತ್ತು ಕಾಯುತ್ತದೆ. ಈ ಚೀಟಿ ಎತ್ತುವ ಉಪಾಯ ನನಗೆ ಬಹಳ ಇಷ್ಟ. ಯಜಮಾನ ಯಾರೂ ಇಲ್ಲದೆ ಜಗಳ ತೀರುತ್ತದೆ.

ಈಗ ಮುಖ್ಯ ಪ್ರಶ್ನೆ. ಕೇಬಲ್ ನಡುವೆ ತುಂಡಾದರೆ? ಒಂದೊಂದು ತುಂಡಿನಲ್ಲಿರುವವರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳಬಹುದು ಎಂದು ನಿಮಗೆ ಅನಿಸಬಹುದು. ಹಾಗೆ ಆಗುವುದಿಲ್ಲ. ಕಾರಣ ತಿಳಿಯಲು ಒಂದು ಪ್ರಯೋಗ ಮಾಡಿ. ಹಗ್ಗದ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ. ಇನ್ನೊಂದು ತುದಿಯನ್ನು ಹಿಡಿದು ಸ್ವಲ್ಪ ಬಿಗಿಯಾಗಿ ಎಳೆದು, ಒಮ್ಮೆ ಮೇಲಕ್ಕೆ ಜಾಡಿಸಿ. ಒಂದು ಅಲೆ ಕಿಟಕಿಯವರೆಗೆ ಓಡಿ ನಿಮ್ಮ ಕೈಗೇ ವಾಪಸು ಬರುತ್ತದೆ. ಕೇಬಲ್ಲಿನಲ್ಲಿ ಓಡುವ ವಿದ್ಯುತ್ ಸಂಕೇತವೂ ಹೀಗೆಯೇ. ತುಂಡಾದ ತುದಿಯಿಂದ ಪ್ರತಿಧ್ವನಿಯಂತೆ ಹಿಂದಿರುಗಿ, ಮುಂದೆ ಬರುತ್ತಿರುವ ಸಂಕೇತದೊಡನೆ ಬೆರೆತು ಎಲ್ಲವನ್ನೂ ಕೆಡಿಸುತ್ತದೆ. ಅದಕ್ಕಾಗಿಯೇ ಕೇಬಲ್ಲಿನ ಎರಡೂ ಕೊನೆಗಳಿಗೆ 'ಟರ್ಮಿನೇಟರ್' ಎಂಬ ಮುಚ್ಚಳ ಹಾಕುತ್ತಿದ್ದರು. ಅದರೊಳಗಿನ 50 ಓಮ್ ರೋಧಕವು ಬಂದ ಸಂಕೇತವನ್ನು ಹೀರಿಕೊಳ್ಳುತ್ತಿತ್ತು. ಕೇಬಲ್ ತುಂಡಾದಾಗ ಹೊಸ ತುದಿಗಳಿಗೆ ಮುಚ್ಚಳ ಎಲ್ಲಿಂದ ಬರಬೇಕು? ಇಡೀ ಕೋಣೆ ಮೂಕ. ಯಾವ ಜೋಡಣೆ ಸಡಿಲವಾಗಿದೆ ಎಂದು ಒಬ್ಬರು ಮೇಜಿನಡಿ ತೂರಿ ಒಂದೊಂದಾಗಿ ಹುಡುಕಬೇಕಾಗುತ್ತಿತ್ತು.

ಬಸ್ ವಿನ್ಯಾಸಕ್ಕೆ ಕೇಬಲ್ ಕಡಿಮೆ ಸಾಕು, ಖರ್ಚೂ ಕಡಿಮೆ. ಆದರೆ ಕಚೇರಿಗಳಿಂದ ಇದು ಮರೆಯಾಯಿತು. ಮರೆಯಾಗದ ಜಾಗವೂ ಒಂದಿದೆ. ಇಂದಿನ ಕಾರುಗಳೊಳಗೆ ಎಂಜಿನ್, ಬ್ರೇಕ್ ಮುಂತಾದವನ್ನು ನೋಡಿಕೊಳ್ಳುವ ಪುಟ್ಟ ಕಂಪ್ಯೂಟರುಗಳು ಒಂದೇ ಜೋಡಿ ತಂತಿಗೆ ಅಂಟಿಕೊಂಡು ಮಾತಾಡುತ್ತವೆ. ಅದೂ ಬಸ್ ವಿನ್ಯಾಸವೇ.

ಟೋಕನ್ ಇದ್ದವರಿಗೇ ಮಾತು

ಈಗ ಐವರೂ ವೃತ್ತಾಕಾರದಲ್ಲಿ ನಿಲ್ಲಲಿ. ಗಂಗಾಳಿಂದ ಸಲೀಂಗೆ ಒಂದು ದಾರ, ಸಲೀಂನಿಂದ ಮಂಜುಗೆ ಒಂದು, ಹೀಗೆ ಕೊನೆಗೆ ಡೇವಿಡ್‌ನಿಂದ ಮತ್ತೆ ಗಂಗಾಳಿಗೆ. ಒಟ್ಟು 5 ದಾರ. ಇದು ಉಂಗುರ ವಿನ್ಯಾಸ.

ಇಲ್ಲಿ ಡಿಕ್ಕಿ ತಪ್ಪಿಸಲು ಬೇರೆ ಉಪಾಯವಿದೆ. ಒಂಟಿ ಹಳಿಯ ರೈಲು ಮಾರ್ಗಗಳಲ್ಲಿ ಚಾಲಕರಿಗೆ ಉಕ್ಕಿನ ಚೆಂಡಿನಂತಹ ಟೋಕನ್ ಕೊಡುವ ಪದ್ಧತಿಯ ಬಗ್ಗೆ ನಿಮ್ಮ ತಾತ ಹೇಳಿರಬಹುದು. ಅದು ಕೈಗೆ ಬಾರದೆ ರೈಲು ಮುಂದಿನ ನಿಲ್ದಾಣದತ್ತ ಹೊರಡುವಂತಿಲ್ಲ. ಇಬ್ಬರಿಗೆ ಒಟ್ಟಿಗೆ ಟೋಕನ್ ಸಿಗುವುದಿಲ್ಲವಾದ್ದರಿಂದ ಎದುರುಬದುರು ರೈಲು ಬರುವ ಭಯವಿಲ್ಲ. ಐಬಿಎಂ ಕಂಪನಿ 1985ರಲ್ಲಿ ಮಾರುಕಟ್ಟೆಗೆ ತಂದ 'ಟೋಕನ್ ರಿಂಗ್' ಜಾಲವೂ ಇದೇ ನಿಯಮದಲ್ಲಿ ನಡೆಯುತ್ತಿತ್ತು. ಒಂದು ಟೋಕನ್ ಸದಾ ಸುತ್ತುತ್ತಿರುತ್ತದೆ. ಅದು ಕೈಗೆ ಬಂದವರು ಮಾತ್ರ ಸಂದೇಶ ಕಳಿಸಬಹುದು.

ಕತ್ತರಿ ತೆಗೆದುಕೊಂಡು ಒಂದು ದಾರ ಕತ್ತರಿಸಿ. ಸಂದೇಶ ಒಂದೇ ದಿಕ್ಕಿನಲ್ಲಿ ಸುತ್ತುವುದಾದರೆ ಎಲ್ಲವೂ ನಿಂತಿತು. ಆದರೆ ಎರಡೂ ದಿಕ್ಕಿನಲ್ಲಿ ಸುತ್ತಬಹುದಾದರೆ? ಎಡಗಡೆ ತುಂಡಾಗಿದ್ದರೆ ಬಲಗಡೆಯಿಂದ ಹೋದರಾಯಿತು. ಉಂಗುರ ಹೋಗಿ ಸಾಲು ಆಗುತ್ತದೆ, ಆದರೆ ಯಾರೂ ಒಂಟಿಯಾಗುವುದಿಲ್ಲ. ಈ ಮಾತು ನೆನಪಿರಲಿ, ಅಜ್ಜನ ಊರಿಗೆ ಮರಳಿದಾಗ ಬೇಕಾಗುತ್ತದೆ.

ನಡುವೆ ಒಬ್ಬ ಅಂಚೆಯಣ್ಣ

ವೃತ್ತದ ನಡುವೆ ನೀವು ನಿಲ್ಲಿ. ಐವರ ಕೈಯಿಂದಲೂ ಒಂದೊಂದು ದಾರ ನಿಮ್ಮ ಕೈಗೆ ಬರಲಿ. ಗಂಗಾ ಡೇವಿಡ್‌ಗೆ ಚೀಟಿ ಕಳಿಸಬೇಕಾದರೆ ನಿಮ್ಮ ಮೂಲಕವೇ ಕಳಿಸಬೇಕು. ಇದು ನಕ್ಷತ್ರ ವಿನ್ಯಾಸ. ನಿಮ್ಮ ಕೆಲಸ ಮಾಡುವ ಪೆಟ್ಟಿಗೆಗೆ 'ಸ್ವಿಚ್' ಎಂದು ಹೆಸರು. ದೀಪದ ಸ್ವಿಚ್ ಅಲ್ಲ! ಬಂದ ಸಂದೇಶದ ವಿಳಾಸ ಓದಿ, ಅದು ಯಾರಿಗೋ ಅವರ ತಂತಿಗೆ ಮಾತ್ರ ಹಾಕುವ ಪೆಟ್ಟಿಗೆ ಇದು.

ಮಂಜುವಿನ ದಾರ ಕತ್ತರಿಸಿ. ಮಂಜು ಮಾತ್ರ ಹೊರಗುಳಿದ. ಉಳಿದವರಿಗೆ ಗೊತ್ತೇ ಆಗಲಿಲ್ಲ. ತೊಂದರೆ ಎಲ್ಲಿದೆ ಎಂದು ಹುಡುಕುವ ಕಷ್ಟವೂ ಇಲ್ಲ. ಶಾಲೆಯ ಕಂಪ್ಯೂಟರ್ ಕೋಣೆ, ಬ್ಯಾಂಕು, ಆಸ್ಪತ್ರೆ, ಎಲ್ಲೆಲ್ಲೂ ಇಂದು ಕಾಣುವುದು ನಕ್ಷತ್ರವೇ. 1990ರಲ್ಲಿ ಈಥರ್‌ನೆಟ್ ಕೂಡ ತನ್ನ ಒಂಟಿ ಕೇಬಲ್ ಬಿಟ್ಟು, ಜಡೆಯಂತೆ ಹೆಣೆದ ಜೋಡಿ ತಂತಿಗಳೊಂದಿಗೆ ಈ ಆಕಾರಕ್ಕೆ ಬಂತು. ಕಂಪ್ಯೂಟರಿನಿಂದ ಸ್ವಿಚ್‌ಗೆ ಇಂತಹ ತಂತಿ 100 ಮೀಟರ್ ಮೀರಬಾರದು. ವೈಫೈಯಲ್ಲಿ ತಂತಿಯೇ ಇಲ್ಲ, ಆದರೂ ಗೋಡೆಯ ಮೇಲಿನ ಪೆಟ್ಟಿಗೆಯೇ ನಡುವಿನ ಚುಕ್ಕೆ.

ಇನ್ನು ನೀವು, ಅಂದರೆ ಅಂಚೆಯಣ್ಣ, ಕೈಯಲ್ಲಿದ್ದ ದಾರಗಳನ್ನೆಲ್ಲ ಬಿಟ್ಟು ಊಟಕ್ಕೆ ಹೊರಟಿರಿ ಎನ್ನಿ. ಐವರೂ ಒಮ್ಮೆಲೇ ಒಂಟಿ! ನಕ್ಷತ್ರದ ಬಲವೂ ದೌರ್ಬಲ್ಯವೂ ನಡುವಿನ ಚುಕ್ಕೆಯೇ.

ಮತ್ತೆ ಅಜ್ಜನ ಊರಿಗೆ

ನಕ್ಷತ್ರಗಳನ್ನು ಒಂದರ ಕೆಳಗೊಂದು ಜೋಡಿಸುತ್ತಾ ಹೋದರೆ ಮರದ ಆಕಾರ ಬರುತ್ತದೆ. ಕಾಂಡ, ಕೊಂಬೆ, ರೆಂಬೆ, ಎಲೆ. ದೇಶದ ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್, ಅಂದರೆ ಬೆಳಕನ್ನು ಸಾಗಿಸುವ ಗಾಜಿನ ಎಳೆ, ಎಳೆಯುವ ದೊಡ್ಡ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ನೀಡಿತು. ಈಗ ಅದರ ಹೆಸರು ಭಾರತ್‌ನೆಟ್. ದೇಶದಲ್ಲಿ ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿವೆ. ನಮ್ಮ ಕರ್ನಾಟಕದಲ್ಲೇ ಸುಮಾರು 6 ಸಾವಿರ. ಇಷ್ಟೊಂದು ಕಡೆಗೆ ಕೇಬಲ್ ಹಾಕುವಾಗ ಒಂದೊಂದು ಮೀಟರಿಗೂ ಲೆಕ್ಕ. ಆದ್ದರಿಂದ ಮೊದಲು ಆರಿಸಿಕೊಂಡದ್ದು ತಾಲ್ಲೂಕು ಮಟ್ಟದ ಕೇಂದ್ರದಿಂದ ಕೊಂಬೆಗಳಂತೆ ಊರಿನಿಂದ ಊರಿಗೆ ಸಾಗುವ ಸಾಲು ವಿನ್ಯಾಸ.

ಒಂದು ಕೊಂಬೆಯನ್ನು ಪುಸ್ತಕದಲ್ಲಿ ಬರೆಯಿರಿ. ತಾಲ್ಲೂಕು ಕೇಂದ್ರ, ಆಮೇಲೆ ಮೊದಲ ಊರು, ಎರಡನೆಯ ಊರು, ಮೂರನೆಯ ಊರು. ಕೇಂದ್ರಕ್ಕೂ ಮೊದಲ ಊರಿಗೂ ನಡುವೆ ಗೆರೆಯನ್ನು ಅಳಿಸಿ. ಮೂರೂ ಊರು ಹೋದವು! ಈಗ ಆ ಗೆರೆ ಬರೆದು, ಎರಡನೆಯ ಮತ್ತು ಮೂರನೆಯ ಊರಿನ ನಡುವಿನ ಗೆರೆ ಅಳಿಸಿ. ಮೂರನೆಯ ಊರು ಮಾತ್ರ ಹೋಯಿತು. ಮರವನ್ನು ಬುಡದ ಹತ್ತಿರ ಕಡಿದಷ್ಟೂ ನಷ್ಟ ಹೆಚ್ಚು. ಅಜ್ಜನ ಊರು ಇಂತಹ ಕೊಂಬೆಯ ತುದಿಯಲ್ಲಿತ್ತು. ನೆಟ್ ನಿಲ್ಲದ ಊರು ಬೇರೆ ಕೊಂಬೆಯಲ್ಲಿತ್ತು.

ಪರಿಹಾರ ನಿಮಗೆ ಹೊಳೆದಿರಬಹುದು. ಮೂರನೆಯ ಊರಿನಿಂದ ಇನ್ನೊಂದು ದಾರಿಯಲ್ಲಿ ತಾಲ್ಲೂಕು ಕೇಂದ್ರಕ್ಕೆ ಒಂದು ಗೆರೆ ಎಳೆಯಿರಿ. ಸಾಲು ಉಂಗುರವಾಯಿತು. ಎಲ್ಲೇ ಒಂದು ಕಡೆ ತುಂಡಾದರೂ ಸಂದೇಶ ಇನ್ನೊಂದು ಬದಿಯಿಂದ ಸುತ್ತಿ ಬರುತ್ತದೆ. 2023ರ ಆಗಸ್ಟ್‌ನಲ್ಲಿ ಒಪ್ಪಿಗೆ ಪಡೆದ ಭಾರತ್‌ನೆಟ್‌ನ ತಿದ್ದುಪಡಿ ಯೋಜನೆಯಲ್ಲಿ ಪಂಚಾಯಿತಿಗಳನ್ನು ಹೀಗೆ ಉಂಗುರವಾಗಿ ಜೋಡಿಸುವ ನಿರ್ಧಾರವಾಯಿತು. ಕೇಬಲ್ ಹೆಚ್ಚು ಬೇಕು, ಹಣವೂ ಹೆಚ್ಚು ಬೇಕು. ಆದರೆ ಅಜ್ಜ ಎರಡೆರಡು ಸಲ ಬಸ್ಸು ಹತ್ತುವುದಕ್ಕೂ ಖರ್ಚಿದೆ, ಅದು ಯಾರ ಲೆಕ್ಕದ ಪುಸ್ತಕದಲ್ಲೂ ಬರುವುದಿಲ್ಲ ಅಷ್ಟೆ.

ಮೀನಿನ ಬಲೆಯಂತೆ

ಎಲ್ಲರಿಗೂ ಎಲ್ಲರೊಡನೆ ನೇರ ದಾರ ಇದ್ದರೆ? ಮಾಡಿ ನೋಡಿ. ಐವರಿಗೆ 10 ದಾರ ಬೇಕು. ಪ್ರತಿಯೊಬ್ಬರಿಂದ 4 ದಾರ, 5 ಗುಣಿಸು 4 ಅಂದರೆ 20. ಆದರೆ ಪ್ರತಿ ದಾರವನ್ನೂ ಎರಡೆರಡು ಸಲ ಎಣಿಸಿದ್ದೇವೆ, ಆದ್ದರಿಂದ ಅರ್ಧ. ನಿಮ್ಮ ತರಗತಿಯಲ್ಲಿ 40 ಮಕ್ಕಳಿದ್ದರೆ 40 ಗುಣಿಸು 39, ಅದರಲ್ಲಿ ಅರ್ಧ, ಅಂದರೆ 780 ದಾರ! ಕೋಣೆಯಲ್ಲಿ ನಡೆದಾಡಲು ಜಾಗ ಉಳಿಯದು. ಇದು ಪೂರ್ಣ ಬಲೆ ವಿನ್ಯಾಸ. ಸುರಕ್ಷಿತ, ಆದರೆ ಬಲು ದುಬಾರಿ.

ಹಾಗಾದರೆ ಎಷ್ಟು ದಾರ ಸಾಕು? ಈ ಪ್ರಶ್ನೆಯನ್ನು ಗಂಭೀರವಾಗಿ ಕೇಳಿಕೊಂಡವರು ಅಮೆರಿಕದ ಪಾಲ್ ಬರಾನ್. ಆಗ ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳ ನಡುವೆ ಅಣುಬಾಂಬಿನ ಭಯವಿತ್ತು. ದೂರವಾಣಿಯ ಕೆಲವೇ ದೊಡ್ಡ ಕೇಂದ್ರಗಳ ಮೇಲೆ ಬಾಂಬು ಬಿದ್ದರೆ ದೇಶವೇ ಮೂಕವಾಗುವ ಅಪಾಯವಿತ್ತು. 1964ರಲ್ಲಿ ಪ್ರಕಟವಾದ ವರದಿಗಳಲ್ಲಿ ಬರಾನ್ ಮೂರು ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಕೊಟ್ಟರು. ಒಂದರಲ್ಲಿ ಒಂದೇ ನಕ್ಷತ್ರ, ಇನ್ನೊಂದರಲ್ಲಿ ಹಲವು ನಕ್ಷತ್ರಗಳ ಜೋಡಣೆ, ಮೂರನೆಯದರಲ್ಲಿ ಮೀನಿನ ಬಲೆ. ಲೆಕ್ಕ ಹಾಕಿದಾಗ ಅವರಿಗೆ ಸಿಕ್ಕ ಉತ್ತರ ಕುತೂಹಲಕರ. ಎಲ್ಲರಿಗೂ ಎಲ್ಲರೊಡನೆ ತಂತಿ ಬೇಕಿಲ್ಲ. ಕನಿಷ್ಠ ಅಗತ್ಯಕ್ಕಿಂತ ಮೂರು ನಾಲ್ಕು ಪಟ್ಟು ಗೆರೆಗಳಿದ್ದರೆ ಸಾಕು, ಬಹಳಷ್ಟು ಚುಕ್ಕೆಗಳು ನಾಶವಾದರೂ ಉಳಿದವು ಮಾತಾಡಬಲ್ಲವು.

ಇದು ನಮ್ಮ ರಸ್ತೆಗಳ ಹಾಗೆಯೇ. ಮಳೆಗಾಲದಲ್ಲಿ ಒಂದು ಸೇತುವೆ ಮುಳುಗಿದರೆ ಬಸ್ಸು ಪಕ್ಕದ ಊರಿನ ಮೇಲೆ ಸುತ್ತಿಕೊಂಡು ಬರುತ್ತದೆ. ತಡವಾಗುತ್ತದೆ, ಆದರೆ ಬರುತ್ತದೆ. ಸಂದೇಶವನ್ನು ಚಿಕ್ಕಚಿಕ್ಕ ತುಂಡುಗಳಾಗಿ ಮಾಡಿ, ಒಂದೊಂದಕ್ಕೂ ವಿಳಾಸ ಬರೆದು, ಸಿಕ್ಕ ದಾರಿಯಲ್ಲಿ ಕಳಿಸಬೇಕು ಎಂದೂ ಬರಾನ್ ಹೇಳಿದರು. ಬ್ರಿಟನ್ನಿನ ಡೊನಾಲ್ಡ್ ಡೇವಿಸ್ ಕೂಡ ಅದೇ ದಶಕದಲ್ಲಿ ತಾವಾಗಿಯೇ ಇದೇ ಯೋಚನೆ ಮಾಡಿ, ಆ ತುಂಡಿಗೆ 'ಪ್ಯಾಕೆಟ್' ಎಂದು ಹೆಸರಿಟ್ಟರು.

ಈ ಯೋಚನೆಗಳನ್ನು ಬಳಸಿಕೊಂಡು 1969ರಲ್ಲಿ ಶುರುವಾದದ್ದೇ ಇಂದಿನ ಇಂಟರ್‌ನೆಟ್ಟಿನ ಹಿರಿಯಣ್ಣ ಆರ್ಪಾನೆಟ್. ಬಾಂಬಿನಿಂದ ಪಾರಾಗಲೆಂದೇ ಇಂಟರ್‌ನೆಟ್ ಹುಟ್ಟಿತು ಎಂದು ಕೆಲವರು ಬರೆಯುತ್ತಾರೆ. ಅದು ಸರಿಯಲ್ಲ. ಆರ್ಪಾನೆಟ್ಟಿನ ಉದ್ದೇಶ ದುಬಾರಿ ಕಂಪ್ಯೂಟರುಗಳನ್ನು ದೂರದೂರದ ಸಂಶೋಧಕರು ಹಂಚಿಕೊಳ್ಳುವುದಾಗಿತ್ತು. ಆ ವರ್ಷದ ಅಕ್ಟೋಬರ್ 29ರಂದು 'ಲಾಗಿನ್' ಎಂಬ ಐದಕ್ಷರದ ಇಂಗ್ಲಿಷ್ ಪದವನ್ನು ಕಳಿಸಲು ಹೊರಟರು. 'ಎಲ್' ಮತ್ತು 'ಓ' ಎಂಬ ಎರಡು ಅಕ್ಷರ ಮುಟ್ಟುವಷ್ಟರಲ್ಲಿ ಆಚೆಯ ಕಂಪ್ಯೂಟರ್ ಕುಸಿದು ಕುಳಿತಿತು!

ಚಿತ್ರ ಬೇರೆ, ನೆಲ ಬೇರೆ

ಬಲೆ ಹೆಣೆದ ಮೇಲೆ ನಿಶ್ಚಿಂತೆಯೇ? 1986ರ ಡಿಸೆಂಬರ್ 12ರಂದು ನಡೆದದ್ದನ್ನು ಕೇಳಿ. ಅಮೆರಿಕದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡನ್ನು ಆರ್ಪಾನೆಟ್‌ಗೆ ಜೋಡಿಸಲು ಒಂದಲ್ಲ, ಎರಡಲ್ಲ, 7 ಮಾರ್ಗಗಳಿದ್ದವು. ಚಿತ್ರದಲ್ಲಿ 7 ಬೇರೆ ಬೇರೆ ಗೆರೆಗಳು. ಆದರೂ ಅಂದು ಇಡೀ ಪ್ರದೇಶ ಜಾಲದಿಂದ ಕಳಚಿಹೋಯಿತು. ಕಾರಣ, ಆ 7 ಮಾರ್ಗಗಳೂ ಒಂದು ಕಡೆ ಒಂದೇ ಫೈಬರ್ ಕೇಬಲ್ಲಿನೊಳಗೆ ಹಾದುಹೋಗಿದ್ದವು. ಆ ಕೇಬಲ್ ತುಂಡಾಯಿತು. ಕಾಗದದ ಮೇಲೆ ಏಳು, ನೆಲದಡಿಯಲ್ಲಿ ಒಂದು!

ನಮ್ಮ ದೇಶಕ್ಕೂ ಇಂತಹ ಪೆಟ್ಟು ಬಿದ್ದಿದೆ. ಇಂಟರ್‌ನೆಟ್ ಉಪಗ್ರಹಗಳ ಮೂಲಕ ಬರುತ್ತದೆ ಎಂದು ಹಲವರು ತಿಳಿದಿದ್ದಾರೆ. ನಿಜವಾಗಿ ದೇಶದಿಂದ ದೇಶಕ್ಕೆ ಹೋಗುವ ಮಾಹಿತಿಯ ಬಹುಪಾಲು ಸಾಗುವುದು ಸಮುದ್ರದ ತಳದಲ್ಲಿ ಮಲಗಿರುವ ಕೇಬಲ್ಲುಗಳಲ್ಲಿ. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಅಂತಹ ಎರಡು ಕೇಬಲ್ಲುಗಳು ಹಾನಿಗೊಂಡವು. ಭಾರತದಿಂದ ಯೂರೋಪ್ ಕಡೆಗೆ ಹೋಗುವ ದೊಡ್ಡ ದಾರಿಗಳು ಅವು. ಬೆಂಗಳೂರು ಸೇರಿದಂತೆ ದೇಶದೆಲ್ಲೆಡೆ ಇಂಟರ್‌ನೆಟ್ ಕುಂಟಿತು. ಆದರೆ ಸಂಪೂರ್ಣ ನಿಲ್ಲಲಿಲ್ಲ. ಪಶ್ಚಿಮದ ದಾರಿ ಕಟ್ಟಿದಾಗ ಮಾಹಿತಿಯನ್ನು ಪೂರ್ವಕ್ಕೆ ತಿರುಗಿಸಿ, ಪೆಸಿಫಿಕ್ ಸಾಗರದ ಮೂಲಕ ಅಮೆರಿಕಕ್ಕೆ ಕಳಿಸಿದರು. ಭೂಮಿ ದುಂಡಗಿರುವುದರ ಲಾಭ!

ಪಂಚಾಯಿತಿಯ ಉಂಗುರಕ್ಕೂ ಇದೇ ಮಾತು. ಹೋಗುವ ಕೇಬಲ್ ಮತ್ತು ಬರುವ ಕೇಬಲ್ ಎರಡನ್ನೂ ಒಂದೇ ಕಾಲುವೆಯಲ್ಲಿ ಹೂತಿದ್ದರೆ, ಜೆಸಿಬಿಯ ಒಂದೇ ಏಟಿಗೆ ಎರಡೂ ತುಂಡು. ಚಿತ್ರದಲ್ಲಿ ಉಂಗುರ, ನೆಲದಲ್ಲಿ ಸಾಲು.

ನೀವೇ ಬಿಡಿಸಿ

1969ರ ಕೊನೆಗೆ ಆರ್ಪಾನೆಟ್‌ನಲ್ಲಿ ಇದ್ದದ್ದು ನಾಲ್ಕೇ ಚುಕ್ಕೆಗಳು. ಲಾಸ್ ಏಂಜಲೀಸ್, ಸ್ಟ್ಯಾನ್‌ಫೋರ್ಡ್, ಸಾಂತಾ ಬಾರ್ಬರಾ ಮತ್ತು ಯೂಟಾ. ಗೆರೆಗಳೂ ನಾಲ್ಕೇ. ಲಾಸ್ ಏಂಜಲೀಸ್‌ನಿಂದ ಸ್ಟ್ಯಾನ್‌ಫೋರ್ಡ್‌ಗೆ ಒಂದು, ಲಾಸ್ ಏಂಜಲೀಸ್‌ನಿಂದ ಸಾಂತಾ ಬಾರ್ಬರಾಕ್ಕೆ ಒಂದು, ಸಾಂತಾ ಬಾರ್ಬರಾದಿಂದ ಸ್ಟ್ಯಾನ್‌ಫೋರ್ಡ್‌ಗೆ ಒಂದು, ಸ್ಟ್ಯಾನ್‌ಫೋರ್ಡ್‌ನಿಂದ ಯೂಟಾಕ್ಕೆ ಒಂದು. ಇದನ್ನು ಪುಸ್ತಕದಲ್ಲಿ ಬರೆದು, ಒಂದು ಸಲಕ್ಕೆ ಒಂದೇ ಗೆರೆಯನ್ನು ಅಳಿಸುತ್ತಾ ಹೋಗಿ. ಯಾವ ಗೆರೆ ಅಳಿಸಿದಾಗ ಒಂದು ಚುಕ್ಕೆ ಒಂಟಿಯಾಗುತ್ತದೆ? ನಿಮಗೆ ಇನ್ನೊಂದೇ ಒಂದು ಗೆರೆ ಎಳೆಯಲು ಹಣ ಕೊಟ್ಟರೆ ಅದನ್ನು ಎಲ್ಲಿಂದ ಎಲ್ಲಿಗೆ ಎಳೆಯುತ್ತೀರಿ? ಇದು ಮುಗಿದ ಮೇಲೆ ನಿಮ್ಮ ಊರಿನಿಂದ ತಾಲ್ಲೂಕು ಕೇಂದ್ರಕ್ಕೆ ಹೋಗುವ ರಸ್ತೆಗಳನ್ನೂ ಹೀಗೆಯೇ ಚುಕ್ಕೆ, ಗೆರೆಗಳಲ್ಲಿ ಬರೆದು ನೋಡಿ.